ಬ್ಲಾಗಿನ ಬ್ರಹ್ಮಚಾರಿ

ನನ್ನ ಗಂಡ ತಿರುಮಲೇಶ ಇಂಟರ್‌ನೆಟ್ಟಿನಲ್ಲಿ ಇನ್ನೂ ಬ್ರಹ್ಮಚಾರಿ. ದಹಿಸರಿನ ನಮ್ಮ ಮನೆಯಲ್ಲಿ ಮಾತ್ರ ಅವರಿಗೆ ಮದುವೆಯಾಗಿ ಆರು ತಿಂಗಳಾಗಿದೆ. ಹೆಂಡತಿ ನಾನೇ.

ಅವರ ಬ್ಲಾಗಿನ ಹೆಸರು ‘ಒಬ್ಬನ ಒಲೆ’. ಮೈಸೂರಿನಿಂದ ನೌಕರಿಗೆ ಬಂದು ಪವಾಯಿಯಲ್ಲಿ ಕೋಣೆ ಹಿಡಿದಿದ್ದಾಗ, ಒಂದೇ ಬರ್ನರಿನ ಗ್ಯಾಸ್ ಒಲೆಯ ಮೇಲೆ ಕಲಿತ ಅಡುಗೆಯನ್ನೆಲ್ಲ ಅದರಲ್ಲಿ ಬರೆಯತೊಡಗಿದರು. ಮುಂಬೈಯಲ್ಲಿ ಕೋಣೆ ಹಂಚಿಕೊಂಡಿರುವ ಎಷ್ಟೋ ಕನ್ನಡದ ಹುಡುಗರು ಅದನ್ನು ಓದಿ ಅನ್ನಕ್ಕೆ ನೀರಿಡುತ್ತಾರೆ. ಆಫೀಸಿನಲ್ಲಿ ಅವರದು ವೆಬ್‌ಸೈಟ್ ವಿನ್ಯಾಸದ ಕೆಲಸವೇ ಆದ್ದರಿಂದ ಬ್ಲಾಗಿನ ಶಿಸ್ತು ಕೇಳಬೇಡಿ. ಕೆನೆಬಣ್ಣದ ಹಿನ್ನೆಲೆ, ನೀಲಿ ಅಕ್ಷರ, ನೇರ ಮೇಲಿನಿಂದ ತೆಗೆದ ಒಂದು ಸ್ಟೀಲ್ ತಟ್ಟೆಯ ಫೋಟೋ. ವರ್ಷಗಟ್ಟಲೆ ಅಷ್ಟೇ. ಅಕ್ಷರದ ಗಾತ್ರ ಕೂದಲೆಳೆಯಷ್ಟು ಹೆಚ್ಚಾದರೂ ಸಾರಿಗೆ ಎರಡು ಸಲ ಉಪ್ಪು ಬಿದ್ದವರ ಹಾಗೆ ಮುಖ ಮಾಡುತ್ತಾರೆ.

“ನನ್ನ ಸುದ್ದಿ ಯಾವಾಗ ಬರೀತೀರಿ?” ಎಂದು ಹೊಸದರಲ್ಲಿ ನಾನು ಕೇಳಿದ್ದೆ. ನನ್ನದು ಕಲಬುರ್ಗಿ, ಕೆಲಸ ಪರೇಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಎರಡೂ ಮನೆಯವರನ್ನು ಈ ಮದುವೆಗೆ ಒಪ್ಪಿಸಲು ನಾವು ಪಟ್ಟ ಪಾಡೇ ಒಂದು ಬ್ಲಾಗಿಗೆ ಸಾಕು.

“ಬ್ಲಾಗಿಗೆ ಒಂದೇ ಮುಖ, ಒಂದೇ ದನಿ ಇರಬೇಕು ಭುವನಾ. ಅದನ್ನ ನಂಬಿಕೊಂಡೇ ಜನ ಬರೋದು. ಈಗ ಇದ್ದಕ್ಕಿದ್ದ ಹಾಗೆ ಹೆಂಡ್ತಿ ಬಂದ್ರೆ ‘ಇವನಿಗೇನಪ್ಪ, ಮಾಡಿ ಹಾಕೋರಿದ್ದಾರೆ’ ಅಂತ ಹುಡುಗರೆಲ್ಲ ಎದ್ದು ಹೋಗ್ತಾರೆ.”

ಆಗ ನಕ್ಕುಬಿಟ್ಟೆ. ಆದರೆ ವಾರವಾರ ಫೋಟೋ ತೆಗೆಯುವ ಹೊತ್ತಿಗೆ ನನ್ನ ತಟ್ಟೆ ಕಟ್ಟೆಯ ಮೂಲೆ ಸೇರುತ್ತಿತ್ತು. ಮೇಜಿನ ಮೇಲಿನ ನನ್ನ ಹೇರ್‌ಪಿನ್ನು, ನನ್ನ ಡಬ್ಬಿ ಎಲ್ಲ ಮಾಯ. “ಸ್ವಲ್ಪ ಆ ಕಡೆ ಹೋಗ್ತೀಯಾ? ನಿನ್ನ ನೆರಳು ಬೀಳ್ತಿದೆ” ಎಂದು ಪ್ರೀತಿಯಿಂದಲೇ ಹೇಳುತ್ತಿದ್ದರು. ನಾನು ಸರಿದು ನಿಲ್ಲುತ್ತಿದ್ದೆ. ನನ್ನ ಮನೆಯಲ್ಲೇ ನಾನು ನೆಂಟರವಳಾದಂತೆ ಅನ್ನಿಸಿ ಬಹಳ ಬೇಸರವಾಗುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಅವರು ಎಂದಿನಂತೆ ಫೋಟೋ ತೆಗೆದರು. ಮಾರನೆಯ ದಿನ ಊಟದ ಬಿಡುವಿನಲ್ಲಿ ಬ್ಲಾಗು ತೆರೆದು ನೋಡಿದರೆ ಮೊದಲ ಸಾಲು, ‘ಇವತ್ತು ಜೋಳದ ರೊಟ್ಟಿ ತಟ್ಟಿದೆ.’

ಮೈಯೆಲ್ಲ ಉರಿದುಹೋಯಿತು. ನೆರಳು ತೆಗೆದದ್ದು ಸಾಲದೆಂದು ನನ್ನ ಕೈಯನ್ನೂ ತಮ್ಮದು ಮಾಡಿಕೊಂಡರಲ್ಲ!

ಮನೆಗೆ ಬಂದವಳೇ ಕೇಳಿದೆ, “ತಟ್ಟಿದವರು ಯಾರ್ರೀ?”

“ಬರೆಯೋವಾಗ ಹಾಗೇ ಬಂದುಬಿಡ್ತು ಕಣೇ” ಎಂದು ತಲೆ ಕೆರೆದುಕೊಂಡರು. ಆ ವಾರವೆಲ್ಲ ನಾನು ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಲಿಲ್ಲ.

ಅವರನ್ನು ಸಿಕ್ಕಿಸಿದವನು ಕಾಶಿನಾಥ ಎಂಬ ಓದುಗ. ಅಫಜಲಪುರದ ಕಡೆಯವನು, ಬಿಲ್ಡಿಂಗ್ ಕೆಲಸಕ್ಕೆ ಬಂದು ಗೆಳೆಯರೊಂದಿಗೆ ಶೆಡ್ಡಿನಲ್ಲಿರುವವನು. ರೊಟ್ಟಿಯ ಬರಹದ ಕೆಳಗೆ ಅವನು ಬರೆದಿದ್ದ: ‘ಅಣ್ಣಾ, ನಿಮ್ಮ ರೊಟ್ಟಿ ನೋಡಿ ನಾವೂ ದಿನಾ ತಟ್ಟಲಿಕ್ಕತ್ತೀವಿ. ಎಲ್ಲಾ ಹರೀಲಿಕ್ಕತ್ತಾವ. ಮೈಸೂರಿನವ್ರಿಗೆ ಬಂದದ್ದು ನಮಗ್ಯಾಕ ಬರವಲ್ದು? ನಿಮ್ಮ ಕೈ ಕಾಣೂ ಹಂಗ ಒಂದು ವಿಡಿಯೋ ಹಾಕ್ರಿ.’ ಅದರ ಕೆಳಗೆ ಉಳಿದವರದೂ ಅದೇ ವರಾತ.

ತಿರುಮಲೇಶರ ಮುಖ ಇಳಿಯಿತು. ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿ ಮೆಲ್ಲಗೆ ಬಂದರು. “ನೀನೇ ತಟ್ಟಿಬಿಡು ಭುವನಾ. ಬರೀ ಕೈ ಕಾಣೋ ಹಾಗೆ ತೆಗೀತೀನಿ. ಆ ಹಸಿರು ಬಳೆ ಒಂದು ತೆಗೆದಿಟ್ರೆ ಯಾರಿಗೂ ಗೊತ್ತಾಗಲ್ಲ.”

“ಏನಂದ್ರಿ? ಮದುವಿ ಬಳಿ ತಗಿ ಅಂದ್ರ ಏನರ್ಥ ಗೊತ್ತದನು? ಗಟ್ಟಿಮುಟ್ಟ ಗಂಡ ಎದುರಿಗೆ ನಿಂತಾನ, ಅವನೇ ಬಳಿ ತಗಿ ಅಂತಾನ!”

ಒಂದು ಗಳಿಗೆ ಅವರಿಗೆ ಹೊಳೆಯಲಿಲ್ಲ. ಹೊಳೆದ ಮೇಲೆ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡರು. “ಅಯ್ಯಯ್ಯೋ, ಬೇಡ, ಬೇಡ! ಹಾಕ್ಕೊಂಡೇ ಇರು. ನಾನೇ ತಟ್ಟಿಕೊಳ್ತೀನಿ.”

ಕಟ್ಟೆಯ ಮೇಲೆ ಫೋನು ಸಿಕ್ಕಿಸಿ ಹಿಟ್ಟು ಹರವಿಯೇಬಿಟ್ಟರು. ನಾನು ಬಾಗಿಲಿಗೆ ಒರಗಿ ಕೈಕಟ್ಟಿ ನಿಂತೆ. ಮೊದಲನೆಯದು ಮಹಾರಾಷ್ಟ್ರದ ನಕಾಶೆಯಾಯಿತು. ಎರಡನೆಯದರಲ್ಲಿ ಕೊಂಕಣ ಪೂರ್ತಿ ಹರಿದುಹೋಯಿತು. ಮೂರನೆಯದನ್ನು ಎತ್ತುವಾಗ ಅರ್ಧ ಕೈಯಲ್ಲಿ, ಅರ್ಧ ಕಲ್ಲಿನ ಮೇಲೆ. ಅದನ್ನು ಅವರು ನೋಡಿದ ರೀತಿಗೆ ನನಗೆ ತಡೆಯಲಾಗಲಿಲ್ಲ.

“ಸರೀರಿ ಅತ್ಲಾಗ! ಹಿಟ್ಟು ಎಷ್ಟರ ಹಾಳು ಮಾಡ್ತೀರಿ!” ಎಂದು ಅವರ ಕೈಗೊಂದು ಏಟು ಕೊಟ್ಟು ನಾನೇ ತಟ್ಟಿದೆ. ರೊಟ್ಟಿ ಹೆಂಚಿನ ಮೇಲೆ ಉಬ್ಬಿದಾಗಲೇ ಮೇಲಿದ್ದ ಫೋನಿನ ನೆನಪಾದದ್ದು. ನನ್ನ ಬಳೆ, ನನ್ನ ಬೈಗುಳ, ಎಲ್ಲವೂ ಅದರೊಳಗೆ.

“ನಂದೆಲ್ಲ ಕತ್ತರಿಸಿ ಒಗೀತೀರಿ, ಹೌದಲ್ರೀ?” ಎಂದೆ.

“ನೋಡೋಣ” ಎಂದರು. ಗಂಡಸರ ‘ನೋಡೋಣ’ದಿಂದ ಏನೂ ಹುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು. ಸುಮ್ಮನೆ ಪಾತ್ರೆ ತೊಳೆದೆ.

ಮರುದಿನ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಕೂರಲು ಜಾಗ ಸಿಕ್ಕಿದೊಡನೆ ಫೋನು ತೆಗೆದೆ. ಅದೇ ಕೆನೆಬಣ್ಣ, ಅದೇ ನೀಲಿ, ಅದೇ ‘ಒಬ್ಬನ ಒಲೆ’. ಬೆರಳು ಹಿಂಜರಿಯುತ್ತಲೇ ವಿಡಿಯೋ ಒತ್ತಿತು.

ಒಂದು ಚೂರೂ ಕತ್ತರಿಸಿರಲಿಲ್ಲ. ಎರಡೂ ನಕಾಶೆಗಳು, ನನ್ನ ಕೂಗು, ಏಟು, ಹಸಿರು ಬಳೆಯ ಎರಡು ಕೈ. ಕೆಳಗೆ ಬರೆದಿದ್ದರು: ‘ಈ ಕೈ ಭುವನೇಶ್ವರಿಯದು, ನನ್ನ ಹೆಂಡತಿ. ಹೋದ ವಾರದ ರೊಟ್ಟಿಯೂ ಇವಳದೇ. ನಾನು ತಟ್ಟಿದೆ ಎಂದು ಬರೆದದ್ದು ಸುಳ್ಳು. ಮದುವೆಯಾದದ್ದನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ, ನೀವು ಬಿಟ್ಟುಹೋಗುತ್ತೀರೆಂಬ ಹೆದರಿಕೆಯಿಂದ. ಇವಳಿಗೆ ಎಷ್ಟು ಬೇಸರವಾಗಿರಬಹುದೆಂದು ಯೋಚಿಸಲೇ ಇಲ್ಲ.’

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಪಕ್ಕದ ಹೆಂಗಸು “ಕಾಯ್ ಝಾಲಂ?” ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳಿದಳು. ಅವಳಿಗೂ ತೋರಿಸಿದೆ. ಏಟು ಬಿದ್ದ ಜಾಗವನ್ನು ಅವಳು ಮತ್ತೆ ಹಾಕಿಸಿಕೊಂಡು ನೋಡಿದಳು.

ಓದುಗರು ಯಾರೂ ಎದ್ದು ಹೋಗಿರಲಿಲ್ಲ. ‘ಮೋಸ ಮಾಡಿದಿರಿ ಸರ್, ಊಟ ಹಾಕಿಸಲೇಬೇಕು’ ಎಂದು ಒಬ್ಬ ಗದರಿದ್ದ. ಕಾಶಿನಾಥ ಮಾತ್ರ ಅವರನ್ನು ಕಣ್ಣೆತ್ತಿಯೂ ನೋಡದೆ ಸೀದಾ ನನ್ನನ್ನೇ ಅತ್ತಿಗೆಯೆಂದು ಕರೆದು ಕೇಳಿದ್ದ: ‘ವೈನೀ, ನಮ್ಮವು ಯಾಕ ಹರೀತಾವ, ನೀವರ ಹೇಳ್ರಿ.’

ಪ್ರಭಾದೇವಿಯಲ್ಲಿ ಇಳಿದು ಪರೇಲಿಗೆ ನಡೆಯಬೇಕಾದವಳು ಸ್ಟೇಷನ್ ದಾಟಿದ್ದನ್ನೂ ಗಮನಿಸಲಿಲ್ಲ. ಹೆಸರು ಕೇಳುವ ಜಾಗದಲ್ಲಿ ನನ್ನ ಪೂರ್ತಿ ಹೆಸರು ಬರೆದು, ಉತ್ತರ ಟೈಪ್ ಮಾಡಿದೆ.

‘ನೀರು ಕುದೀಬೇಕು ತಮ್ಮಾ, ಬರೀ ಬೆಚ್ಚಗಾದ್ರ ಸಾಲಂಗಿಲ್ಲ. ಹಿಟ್ಟು ಬಿಸಿ ಇದ್ದಾಗೇ ಚಲೋ ನಾದ್ರಿ. ಮೊದಲಿಗೆ ಕೈ ಸುಡ್ತದ, ಹೆದರಬ್ಯಾಡ್ರಿ. ಇನ್ನೂ ಬರ್ಲಿಲ್ಲಂದ್ರ ಮತ್ತ ಕೇಳ್ರಿ. ನಾ ಇಲ್ಲೇ ಇರ್ತೀನಿ.’