ಆ ಜುಮ್ಮು ಇಸ್ತ್ರಿಪೆಟ್ಟಿಗೆಯದಲ್ಲ

ಅಂಗಿಯ ಕಾಲರಿಗೆ ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆಯನ್ನು ತುದಿಯಿಂದ ನಡುವಿಗೆ ಎಳೆಯುತ್ತಿದ್ದ ಇಸ್ತ್ರಿಯಕ್ಕನ ಬೆರಳುಗಳು ಮತ್ತೆ ಜುಮ್ಮೆಂದವು. ಎದೆ ಡವಡವ ಹೊಡೆದುಕೊಂಡಿತು. ಬಾಯಿ ಒಣಗಿತು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಪ್ಲಗ್ ಕಿತ್ತು, ಅಂಗಡಿಯ ಬಾಗಿಲಿಗೆ ಓಡಿ ಬಂದು ಬಾಯಿ ತೆರೆದು ಗಾಳಿ ಎಳೆದುಕೊಂಡಳು. ಎಷ್ಟು ಎಳೆದರೂ ಸಾಲದು. ಬೆರಳಿನ ಜುಮ್ಮು ತುಟಿಗೂ ಹತ್ತಿತು.

"ಹಾಳಾದ್ದು, ಮತ್ತೆ ಕರೆಂಟ್ ಹೊಡೀತು," ಎಂದಳು. ಕೇಳಲು ಯಾರೂ ಇರಲಿಲ್ಲ.

ಆ ಅಂಗಡಿಯಲ್ಲಿ ಎರಡು ಮೇಜು. ಕಿಟಕಿ ಬದಿಯದು ಅವಳದು, ಗೋಡೆ ಬದಿಯದು ಗಂಡನದು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅವನು ಯಾರದೋ ಪ್ಯಾಂಟಿನ ಮಡಿಕೆ ಹಿಡಿದವನೇ ಎದೆ ಒತ್ತಿಕೊಂಡು ಕುಸಿದ. ಮತ್ತೆ ಏಳಲಿಲ್ಲ. ಆಮೇಲೆ ಅವನ ಮೇಜಿನ ಮೇಲೆ ಬಟ್ಟೆಯ ಗಂಟುಗಳು ಕೂತವು. ದೊಡ್ಡ ದೊಡ್ಡ ಹಾಸಿಗೆ ಹೊದಿಕೆಗಳನ್ನು ಮಡಚುವಾಗ ಎದುರು ತುದಿ ಹಿಡಿಯುವವರಿಲ್ಲದೆ, ಒಂದು ತುದಿಯನ್ನು ಗದ್ದದ ಕೆಳಗೆ ಒತ್ತಿಕೊಂಡು ಒಬ್ಬಳೇ ಮಡಚುವುದನ್ನು ಅವಳು ರೂಢಿ ಮಾಡಿಕೊಂಡಳು. ಗಿರಾಕಿಗಳು ಬರುತ್ತಾರೆ, "ಆಯ್ತಾ?" ಎನ್ನುತ್ತಾರೆ, ಹೋಗುತ್ತಾರೆ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಿಂದ ಹೊರಟ ಮಾತು "ನಾಳೆ ಬನ್ನಿ" ಎಂಬುದೊಂದೇ.

ಕರೆಂಟ್ ಹೊಡೆಯುವ ಪೆಟ್ಟಿಗೆಯ ಜೊತೆ ಬದುಕುವುದು ಹೇಗೆ? ಎಲೆಕ್ಟ್ರಿಷಿಯನ್‌ನನ್ನು ಕರೆಸಿದಳು. ಅವನು ಪೆಟ್ಟಿಗೆ ಬಿಚ್ಚಿ, ತಂತಿ ನೋಡಿ, ಟೆಸ್ಟರ್ ಇಟ್ಟು, ಕೊನೆಗೆ ತಾನೇ ಹಿಡಿದುಕೊಂಡು ತನ್ನ ಅಂಗಿಯ ಜೇಬಿಗೇ ಇಸ್ತ್ರಿ ಹಾಕಿ ತೋರಿಸಿದ. ಏನೂ ಇರಲಿಲ್ಲ. ಆದರೂ ಅವಳು ಕಾಲಡಿಗೆ ರಬ್ಬರ್ ಹಾಸಿದಳು, ಹಿಡಿಗೆ ಹಳೆ ಟವೆಲ್ ಸುತ್ತಿದಳು. ಜುಮ್ಮು ಬಿಡಲಿಲ್ಲ. ಗಂಡನ ಪೆಟ್ಟಿಗೆಯನ್ನು ಹೊರತೆಗೆದಳು. ಅದೂ ಹೊಡೆಯಿತು. ಎಲೆಕ್ಟ್ರಿಷಿಯನ್ ಮತ್ತೆ ಬಂದ.

"ಅಕ್ಕ, ಎರಡು ಪೆಟ್ಟಿಗೆನೂ ನನ್ನನ್ನು ಬಿಟ್ಟು ನಿಮಗೇ ಹೊಡೀತವೆ ಅಂದ್ರೆ, ನಿಮ್ಮ ಮೇಲೆ ಅವಕ್ಕೇನೋ ಹಳೇ ಸಿಟ್ಟಿರಬೇಕು," ಎಂದು ನಕ್ಕ.

ಅವಳು ನಗಲಿಲ್ಲ. ಗೋಡೆಯ ವಯರಿಂಗೇ ಕೆಟ್ಟಿದೆ, ಇಲ್ಲಿದ್ದರೆ ತಾನೂ ಗಂಡನ ಹಾಗೆ ಇಲ್ಲೇ ಬೀಳುವುದು ಖಂಡಿತ ಎಂದು ತೀರ್ಮಾನಿಸಿ, ತಿಂಗಳ ಕೊನೆಗೆ ಅಂಗಡಿ ಬಿಡುತ್ತೇನೆಂದು ಕಟ್ಟಡದ ಮಾಲೀಕನಿಗೆ ಹೇಳಿಬಿಟ್ಟಳು. ಇಪ್ಪತ್ತು ವರ್ಷ ಅನ್ನ ಕೊಟ್ಟ ಮೇಜು. ಬಿಟ್ಟು ಮಾಡುವುದೇನು? ಮನೆಯಲ್ಲಿ ಕೂರುವುದು. ಮನೆಯಲ್ಲಿ ಯಾರು? ಅವಳೇ.

ಮಾರನೆಯ ದಿನ ಮಧ್ಯಾಹ್ನ ಮನೆಯಲ್ಲಿ ತಂಗಿಯ ಪತ್ರವನ್ನು ಇನ್ನೊಮ್ಮೆ ಓದಲು ಕೂತಳು. ದೂರದ ಊರಿನ ತಂಗಿ. ಬಾವ ಹೋದಾಗಿನಿಂದ ಬರೆಯುತ್ತಲೇ ಇದ್ದಳು: ಹೇಗಿದ್ದೀಯಾ, ನಾನು ಬಂದು ಸ್ವಲ್ಪ ದಿನ ಇರಲಾ? ಇಸ್ತ್ರಿಯಕ್ಕ ಎಷ್ಟೋ ಸಲ ಉತ್ತರ ಬರೆಯಲು ಕೂತಿದ್ದಳು. "ನಾನು ಚೆನ್ನಾಗಿದ್ದೇನೆ" ಎಂದು ಬರೆದು ಪೆನ್ನು ನಿಲ್ಲಿಸುತ್ತಿದ್ದಳು. ಅದು ಸುಳ್ಳು. ನಿಜ ಬರೆಯಲು ಮಾತು ಹೊರಡುತ್ತಿರಲಿಲ್ಲ.

ಪತ್ರ ಹಿಡಿದ ಬೆರಳು ಜುಮ್ಮೆಂದವು. ಎದೆ ಹೊಡೆದುಕೊಂಡಿತು.

ಕಾಗದಕ್ಕೆ ಎಲ್ಲಿಯ ಕರೆಂಟ್?

ಹಾಗಾದರೆ ಇದು ಎದೆಯದೇ ಕಾಯಿಲೆ ಎಂದು ಅವಳ ಕೈಕಾಲು ತಣ್ಣಗಾದವು. ಬೀದಿಗೆ ಬಂದಾಗ ಎದುರು ಸಿಕ್ಕಿದವನು ಅದೇ ಎಲೆಕ್ಟ್ರಿಷಿಯನ್. ಅವಳ ಮುಖ ನೋಡಿ ಈ ಸಲ ಅವನು ತಮಾಷೆ ಮಾಡಲಿಲ್ಲ. "ತಂತಿ ನೋಡೋದು ನನ್ನ ಕೆಲಸ, ನೋಡಿದೆ. ಮೈ ನೋಡೋರು ಬೇರೆ ಇದ್ದಾರೆ, ಬನ್ನಿ," ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರು ಇಸಿಜಿ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಹೃದಯ ಚೆನ್ನಾಗಿದೆ ಎಂದು ಹೇಳಿ, ನರ್ಸಮ್ಮನ ಹತ್ತಿರ ಸ್ವಲ್ಪ ಹೊತ್ತು ಕೂತು ಮಾತಾಡಿ ಹೋಗಿ ಎಂದರು. ಇಸ್ತ್ರಿಯಕ್ಕನಿಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು.

"ಏನೂ ಇಲ್ಲ ಅಂದ್ರೆ ಎದೆ ಯಾಕೆ ಹೀಗೆ ಹೊಡ್ಕೊಳ್ಳುತ್ತೆ? ನಾನೇನು ನಾಟಕ ಆಡ್ತಿದೀನಾ?"

"ನಾಟಕ ಅಲ್ಲಮ್ಮ," ಎಂದರು ನರ್ಸಮ್ಮ. "ಎದೆ ಹೊಡ್ಕೊಂಡಿದ್ದೂ ನಿಜ, ಬೆರಳು ಜುಮ್ಮಂದಿದ್ದೂ ನಿಜ. ಇದು ಭಯ ಮಾಡಿದ ಕೆಲಸ."

ಅವರು ಬಿಡಿಸಿ ಹೇಳಿದರು. ಭಯವಾದಾಗ ಮಿದುಳು ಮೈಗೆಲ್ಲ ಎಚ್ಚರಿಕೆ ಕಳಿಸುತ್ತದೆ: ಓಡು, ಇಲ್ಲವೇ ಎದುರಿಸು. ರಕ್ತಕ್ಕೆ ಒಂದು ರಸ ಸೇರುತ್ತದೆ. ಹೃದಯ ಜೋರಾಗುತ್ತದೆ, ಉಸಿರು ಬಿರುಸಾಗುತ್ತದೆ. ರಕ್ತ ಹೆಚ್ಚಾಗಿ ಓಡಲು ಬೇಕಾದ ಮಾಂಸಖಂಡಗಳ ಕಡೆ ಹೋಗುವುದರಿಂದ ಕೈಕಾಲು ತಣ್ಣಗಾಗುತ್ತವೆ. ನಾಯಿ ಅಟ್ಟಿಸಿಕೊಂಡು ಬಂದರೆ ಇದೆಲ್ಲ ಬೇಕು. ಆದರೆ ಇಸ್ತ್ರಿ ಮೇಜಿನ ಮುಂದೆ ಓಡುವುದೆಲ್ಲಿಗೆ? ಆಗ ಉಸಿರು ಸಾಲದೆಂದು ಗಬಗಬ ಎಳೆದುಕೊಂಡರೆ ಮೈಯಲ್ಲಿ ಒಂದಿಷ್ಟು ಉಳಿಯಬೇಕಾದ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗುತ್ತದೆ. ಬೆರಳು, ತುಟಿ ಜುಮ್ಮೆನ್ನುವುದು ಅದಕ್ಕೇ.

"ಅಂದ್ರೆ ಬಾಗಿಲಿಗೆ ಓಡಿ ಗಾಳಿ ಕುಡೀತಿದ್ದೆನಲ್ಲ, ಅದರಿಂದಲೇ ಹೆಚ್ಚಾಯ್ತಾ?"

"ಹೂಂ. ಎಳ್ಕೊಳ್ಳೋದಕ್ಕಿಂತ ನಿಧಾನವಾಗಿ ಬಿಡೋದು ಮುಖ್ಯ. ಮೂಗಲ್ಲಿ ಮೆಲ್ಲಗೆ ತಗೊಳ್ಳಿ, ಬಿಸಿ ಹಾಲು ಆರಿಸೋ ಹಾಗೆ ಬಾಯಲ್ಲಿ ಉದ್ದಕ್ಕೆ ಬಿಡಿ."

ಅವಳು ಬಿಟ್ಟಳು. ಹಾಗೇ ಮತ್ತೆ ಮತ್ತೆ ಬಿಟ್ಟಳು. ಭುಜಗಳು ಇಳಿದದ್ದು ಅವಳಿಗೇ ಗೊತ್ತಾಯಿತು. ಅವು ಅಷ್ಟು ಮೇಲಿದ್ದವೆಂದೇ ಗೊತ್ತಿರಲಿಲ್ಲ.

"ಭಯ ಆಗುತ್ತೆ ಅಂತ ಯಾರಿಗಾದ್ರೂ ಹೇಳಿದ್ದೀರಾ?"

"ಎಲೆಕ್ಟ್ರಿಷಿಯನ್‌ಗೆ ಹೇಳಿದೆ. ಪೆಟ್ಟಿಗೆ ಕೆಟ್ಟಿದೆ ಅಂತ."

ನರ್ಸಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಇಸ್ತ್ರಿಯಕ್ಕನೇ ಹೇಳಿದಳು. ಗಂಡ ಬಿದ್ದ ಜಾಗ ದಿನವೂ ಎದುರಿಗಿದೆ ಎಂದು. ಮನೆಯ ಬೀಗ ತೆಗೆಯುವಾಗ ಒಳಗೆ ಸದ್ದಿಲ್ಲದಿರುವುದೇ ಕೇಳಿಸುತ್ತದೆ ಎಂದು. ಹೇಳುತ್ತ ಹೇಳುತ್ತ ಅತ್ತಳು.

"ಜೊತೆಗೆ ಒಬ್ಬರಿದ್ದಾರೆ ಅಂದ್ರೆ ಮೈ ಸ್ವಲ್ಪ ನಿರಾಳವಾಗುತ್ತೆ," ಎಂದರು ನರ್ಸಮ್ಮ. "ಒಂಟಿ ಮೈ ಹಗಲೂ ರಾತ್ರಿ ತಾನೊಂದೇ ಕಾವಲು ಕಾಯುತ್ತೆ. ದಣಿಯದೆ ಇರುತ್ತಾ?"

ಮರುವಾರ ಅಂಗಡಿಯಲ್ಲಿ ಜುಮ್ಮು ಮತ್ತೆ ಬಂತು. ಅವಳು ಓಡಲಿಲ್ಲ. ಪೆಟ್ಟಿಗೆ ನಿಲ್ಲಿಸಿ, ಮೇಜಿಗೆ ಅಂಗೈ ಊರಿ, ಉದ್ದಕ್ಕೆ ಉಸಿರು ಬಿಟ್ಟಳು. ಭಯ ಏರಿತು, ಸ್ವಲ್ಪ ಹೊತ್ತು ನಿಂತಿತು, ಇಳಿಯಿತು. ಆ ಸಂಜೆ ಮಾಲೀಕನ ಬಳಿ ಹೋಗಿ, ಅಂಗಡಿ ಬಿಡುವುದಿಲ್ಲ ಎಂದಳು. ಭಯ ಹೋಗಿರಲಿಲ್ಲ, ಆದರೆ ಬಂದದ್ದು ಹೋಗುತ್ತದೆ ಎಂದು ಗೊತ್ತಾಗಿತ್ತು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಎದೆ ನೋವು ಬಂದರೆ ಭಯ ಇರಬಹುದೆಂದು ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ ತೋರಿಸಿ. ಹೃದಯ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ ಮೇಲೂ ಮೈ ನಡುಗಿದರೆ ನಾಚಬೇಡಿ, ನಿಮ್ಮ ಮೈ ನಿಮ್ಮನ್ನು ಕಾಯಲು ಹೊರಟಿದೆ. ಉಸಿರನ್ನು ಉದ್ದಕ್ಕೆ ಬಿಡಿ. ನಿದ್ದೆ, ಊಟ, ಕೆಲಸ ಕೆಡುತ್ತಿದ್ದರೆ ಮತ್ತೆ ಹೋಗಿ ಕೇಳಿ, ಅದಕ್ಕೂ ಚಿಕಿತ್ಸೆಯಿದೆ. ಮತ್ತೆ, ಭಯವಾಗುತ್ತದೆ ಎಂಬ ಮಾತನ್ನು ಒಬ್ಬರಿಗಾದರೂ ಹೇಳಿ. ನಿಮ್ಮ ಬೀದಿಯಲ್ಲಿ ಒಬ್ಬರೇ ಇರುವವರಿದ್ದರೆ, ಕೆಲಸ ಆಯ್ತಾ ಎಂದು ಕೇಳಿದ ಮೇಲೆ, ನೀವು ಹೇಗಿದ್ದೀರಿ ಎಂದೂ ಕೇಳಿ.

ಇಸ್ತ್ರಿಯಕ್ಕ ಹೊಸ ಹಾಳೆ ತೆಗೆದುಕೊಂಡು ಬರೆದಳು: "ತಂಗೀ, ನಾನು ಚೆನ್ನಾಗಿಲ್ಲ. ಒಬ್ಬಳೇ ಇರಲು ಭಯವಾಗುತ್ತದೆ. ನೀನು ಬಾ." ಲಕೋಟೆ ಅಂಟಿಸಿ, ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಮೂಲೆಯ ಅಂಚೆ ಪೆಟ್ಟಿಗೆಯವರೆಗೆ ನಡೆದಳು. ಪೆಟ್ಟಿಗೆಯ ಬಾಯಿಯ ಮುಂದೆ ಕೈ ಒಂದು ಕ್ಷಣ ನಿಂತಿತು. ಉಸಿರನ್ನು ಉದ್ದಕ್ಕೆ ಬಿಟ್ಟಳು. ಆಮೇಲೆ ಪತ್ರವನ್ನೂ ಬಿಟ್ಟಳು.