ಎಮ್ಮೆಯ ಮುನಿಸೂ ಬಿಸಿಲ ದೀಪವೂ

ಎಮ್ಮೆಗೆ ಮುನಿಸು ಬಂದರೆ ದೀಪಕ್ಕೆ ಬರೆ ಎಳೆದರಂತೆ. ಗಾದೆ ಹಾಗಿಲ್ಲ ಎಂದು ಮೇಷ್ಟರ ಹಾಗೆ ಕನ್ನಡಕ ಏರಿಸಬೇಡಿ. ಎತ್ತು, ಜ್ವರ ಎಲ್ಲ ನನಗೂ ಗೊತ್ತು. ಆದರೆ ಬರೆ ಬಿದ್ದದ್ದು ನನ್ನ ಮೈಮೇಲೆ, ಗಾದೆಯನ್ನು ತಿದ್ದುವ ಹಕ್ಕೂ ನನ್ನದೇ. ಇದು ನಡೆದ ಕಥೆ. ಒಂದು ಮಾತು ಸುಳ್ಳಾದರೂ ಈ ಯುಗಾದಿಯಿಂದ ಬರುವ ಯುಗಾದಿಯವರೆಗೆ ನನ್ನ ಮೇಲೆ ಮೋಡ ಕವಿಯಲಿ. ನಮ್ಮ ಜಾತಿಯಲ್ಲಿ ಅದಕ್ಕಿಂತ ದೊಡ್ಡ ಆಣೆಯಿಲ್ಲ.

ನಾನು ಒಂದು ಸೋಲಾರ್ ದೀಪ. ಜೀವ ಒಂದೇ, ವಾಸ ಮೂರು ಕಡೆ. ನೀಲಿ ಗಾಜಿನ ಪ್ಲೇಟು ನನ್ನ ತಲೆ, ಅದು ಮಾಡಿನ ಮೇಲೆ. ಬ್ಯಾಟರಿ ನನ್ನ ಹೊಟ್ಟೆ, ಅದು ಮೂಲೆಯಲ್ಲಿ. ಬಲ್ಬು ನನ್ನ ಕಣ್ಣು, ಅದು ತೊಲೆಗೆ ಜೋತುಬಿದ್ದಿರುತ್ತದೆ. ಹಗಲು ಉಣ್ಣುವುದು, ಸಂಜೆ ನೋಡುವುದು, ಇಷ್ಟೇ ನನ್ನ ಬಾಳು. ಲೋಕದಲ್ಲಿ ಎಷ್ಟೋ ಜನ ಬೆಳಕಿಗೆ ಬರಲು ಒದ್ದಾಡುತ್ತಾರೆ. ನನಗೆ ಆ ಚಿಂತೆಯಿಲ್ಲ, ನಾನು ಹೋದಲ್ಲಿಗೇ ಅದು ಬರುತ್ತದೆ.

ಹುಟ್ಟಿದ್ದು ಮಾತ್ರ ಬಿಸಿಲೇ ನುಸುಳದ ಒಂದು ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಹೆಂಗಸರು ಟ್ಯೂಬ್‌ಲೈಟಿನ ಕೆಳಗೆ ನನ್ನ ನೀಲಿ ಚೂರುಗಳನ್ನು ಜೋಡಿಸಿ, ಹಸುಗೂಸಿಗೆ ದುಪ್ಪಟಿ ಹೊದಿಸಿದ ಹಾಗೆ ಗಾಜು ಹೊದಿಸಿದರು. ಆಮೇಲೆ ರಟ್ಟಿನ ಪೆಟ್ಟಿಗೆ, ಕತ್ತಲು, ಲಾರಿಯ ಕುಲುಕಾಟ. ಪೆಟ್ಟಿಗೆ ತೆರೆದದ್ದು ತುಂಗಭದ್ರೆಯ ಮರಳ ದಂಡೆಯಲ್ಲಿ, ಕಲ್ಲಂಗಡಿ ಕಾಯುವ ಮಾಬುಸಾಬನ ಗುಡಿಸಲಿನ ಮುಂದೆ. ಆಹಾ, ಆ ಮೊದಲ ಬಿಸಿಲು! ಅವನು ತೂಕಡಿಸುತ್ತಿದ್ದ, ನಾನು ಬಿಸಿಲು ಕುಡಿಯುತ್ತಿದ್ದೆ, ಹಣ್ಣುಗಳು ಬಳ್ಳಿಯಲ್ಲಿ ಸದ್ದಿಲ್ಲದೆ ಊದುತ್ತಿದ್ದವು. ನದಿ ತನ್ನಷ್ಟಕ್ಕೆ ಏನೋ ಗುನುಗುತ್ತ ಹೋಗುತ್ತಿತ್ತು. ಮನುಷ್ಯರ ಕನಸು ರಾತ್ರಿಯವು, ನನ್ನವು ಮಧ್ಯಾಹ್ನದವು. ಕನಸು ಕಾಣುವುದನ್ನು ನಾನು ಕಲಿತದ್ದು ಅಲ್ಲಿಯೇ.

ಹಣ್ಣು ಮುಗಿದವು, ಗುಡಿಸಲೂ ಬಿತ್ತು. ಮಾಬುಸಾಬ ನನ್ನನ್ನು ಹೊಳೆಯಾಚೆಯ ಊರಿನ ಬಸವಣ್ಣೆಪ್ಪನಿಗೆ ಕೊಟ್ಟು, ಬದಲಿಗೆ ಒಂದು ಆಡಿನ ಮರಿ ತೆಗೆದುಕೊಂಡ. ನನಗೇನೂ ಬೇಸರವಾಗಲಿಲ್ಲ. ಮರಿ ಚೆಂದವಿತ್ತು.

ಬಸವಣ್ಣೆಪ್ಪನ ಮನೆಗೆ ಕರೆಂಟಿತ್ತು, ಹಿತ್ತಲಾಚೆಯ ಎಮ್ಮೆ ಶೆಡ್ಡಿಗೆ ಇರಲಿಲ್ಲ. ಅವನು ನಟ್ಟು ಬಿಗಿಯುವ ಪಾನಾ ಹಿಡಿದು ಶೆಡ್ಡಿನ ತಗಡಿನ ಮೇಲೆ ಹತ್ತಿದ. ಕೆಳಗೆ ನಿಂತಿದ್ದ ಹೆಂಡತಿ ಕಸ್ತೂರಿ ಕೂಗಿದಳು:

“ದಕ್ಷಿಣಕ್ಕ ಮಾರಿ ಮಾಡಿ ಕೂಡಸ್ರಿ. ಅಂದ್ರ ದಿನಪೂರ್ತಿ ಬಿಸಲ ಬೀಳ್ತದ.”

ಏಣಿ ಹಿಡಿದಿದ್ದ ಅವಳ ಅತ್ತೆ ಚನ್ನೀರವ್ವ ಹಾವು ತುಳಿದವಳ ಹಾಗೆ ತಿರುಗಿದಳು. “ಏನಂದಿ? ಯಮನ ದಿಕ್ಕಿಗೆ? ಸೂರ್ಯಪ್ಪ ಹುಟ್ಟೋದು ಎಲ್ಲಿ ಅಂತ ನಿಮ್ಮ ಬಿ.ಎ. ದಾಗ ಕಲಿಸಲಿಲ್ಲೇನು? ಬೆಳಕಿನ ಸಾಮಾನ, ಮೂಡಣಕ್ಕ ಮಾರಿ ಇರ್ಬೇಕು. ಲೇ ಬಸಣ್ಯಾ, ಈ ಕಡೆ ತಿರುವು!”

ಬಸವಣ್ಣೆಪ್ಪ ಒಮ್ಮೆ ಹೆಂಡತಿಯನ್ನು ನೋಡಿದ, ಒಮ್ಮೆ ಅವ್ವನನ್ನು. ಮಾಡಿನ ಮೇಲಿರುವ ಗಂಡಸು ಏಣಿ ಹಿಡಿದವರ ಮಾತು ಕೇಳುವುದೇ ಕ್ಷೇಮ. ನನ್ನನ್ನು ಬಾಗಿಲಿನ ಹಾಗೆ ನೆಟ್ಟಗೆ, ಮೂಡಣಕ್ಕೆ ನಿಲ್ಲಿಸಿದ. ಅಂದಿನಿಂದ ನನಗೆ ಬೆಳಗಿನ ನಾಷ್ಟಾ ಸಿಕ್ಕಿತು, ಊಟ ತಪ್ಪಿತು. ಮಧ್ಯಾಹ್ನದ ಮೇಲೆ ಬಿಸಿಲೆಲ್ಲ ಬೆನ್ನಿಗೆ. ಸಂಜೆ ನಾನು ಅರಿಷಿಣದ ನೀರಿನಷ್ಟು ತೆಳ್ಳಗೆ ಉರಿಯುತ್ತಿದ್ದೆ.

ಆ ತೆಳು ಬೆಳಕಿನಲ್ಲೇ ನಾನು ಮುತ್ತಿಯನ್ನು ಕಂಡೆ. ಮುತ್ತಿ ಈ ಮನೆಯ ಎಮ್ಮೆ, ಕತ್ತಲಿನಲ್ಲೇ ಕಡೆದಿಟ್ಟ ಹಾಗಿತ್ತು. ಅದರ ಕರು ಹುಟ್ಟಿದ ತಿಂಗಳಲ್ಲೇ ಸತ್ತಿತ್ತು. ಕರುವಿಲ್ಲದ ಎಮ್ಮೆ ಹಾಲು ಬಿಡುವುದು ಕಷ್ಟ. ಚನ್ನೀರವ್ವ ಮಾತ್ರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹಾಲಿನ ಚರಗಿಯನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, ಒಮ್ಮೆ ಕೆಮ್ಮಿ, ಮಾತು ಸುರುಮಾಡುತ್ತಿದ್ದಳು. ಯಾರ ಮಾತು? ಸೊಸೆಯದೇ.

“ಕೇಳಿದೇನ ಮುತ್ತೀ? ಸಾರಿಗೆ ಉಪ್ಪು ಹಾಕಂದ್ರ, ಪರೀಕ್ಷಾದಾಗ ಮಾಸ್ತರ ಮಾರ್ಕು ಹಾಕಿದಂಗ ಕೈ ಬಿಗಿ ಹಿಡಿತಾಳ. ಕಸ ಹೊಡಿಯೋದು ನೋಡ್ಬೇಕು, ಕಸಬರಗಿಗೆ ಎಲ್ಲಿ ನೋವಾಗ್ತದೋ ಅನ್ನಂಗ. ಮಲಗಿದ್ಲಂದ್ರ ಕುಂಭಕರ್ಣ ಬಂದು ಕಾಲ ಮುಗೀಬೇಕು. ಹೌದಿಲ್ಲೇನ?”

ಮುತ್ತಿ ಕಣ್ಣು ಅರೆಮುಚ್ಚಿ ನಿಟ್ಟುಸಿರು ಬಿಡುತ್ತಿತ್ತು. ಹಾಲು ಸರ್ರನೆ ಇಳಿಯುತ್ತಿತ್ತು. ಹೋದ ಕರುವಿನ ಜಾಗದಲ್ಲಿ ಅತ್ತೆಯ ಮಾತು ಬಂದು ನಿಂತಿತ್ತು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಕಸ್ತೂರಿಗೆ ಎಲ್ಲವೂ ಕೇಳಿಸುತ್ತಿತ್ತು. ಅವಳ ಉತ್ತರವನ್ನು ಪಾತ್ರೆಗಳೇ ಧಡಬಡ ಎಂದು ಹೇಳುತ್ತಿದ್ದವು. ಕಾಲೇಜಿನ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರ ದನಿಯನ್ನು ಅಣಕಿಸಿ ಬಹುಮಾನ ಹೊಡೆದ ಹುಡುಗಿ ಅವಳು. ಆ ವಿದ್ಯೆಯನ್ನು ಮದುವೆ ಸೀರೆಯ ಜೊತೆ ಟ್ರಂಕಿನಲ್ಲಿ ಮಡಿಸಿಟ್ಟಿದ್ದಳು.

ಹೀಗಿರುವಾಗ ಚನ್ನೀರವ್ವ ಮಗಳ ಎರಡನೆಯ ಬಾಣಂತನಕ್ಕೆ ಹೊರಟಳು. ಗಂಟು ಕಟ್ಟಿ, ಮುತ್ತಿಯ ಕೊರಳು ಸವರಿ, ಸೊಸೆಯತ್ತ ತಿರುಗಿದಳು.

“ನಾ ಬರೋದ್ರಾಗ ಇದು ಬತ್ತಿತಂದ್ರ, ಮುಂದ ಈ ಮನಿಯಾಗ ನಿನ್ನ ಕೈಯಾಗ ಒಂದು ಸೌಟೂ ಕೊಡಂಗಿಲ್ಲ ನೋಡು.”

ಬಸ್ಸಿನ ಧೂಳು ಕೂರುವ ಮೊದಲೇ ಕಸ್ತೂರಿ ಏಣಿ ಹತ್ತಿದಳು. ನಟ್ಟು ಸಡಿಲಿಸಿ ನನ್ನ ತಲೆಯನ್ನು ದಕ್ಷಿಣಕ್ಕೆ ತಿರುಗಿಸಿ, ಬೇಕಾದಷ್ಟೇ ಮಲಗಿಸಿದಳು. ಅಂದು ನಾನು ಹೊಟ್ಟೆ ತುಂಬ ಉಂಡೆ. ಸಂಜೆ ಕಣ್ಣು ತೆರೆದರೆ ಶೆಡ್ಡಿನಲ್ಲಿ ಹಾಲು ಚೆಲ್ಲಿದಂಥ ಬೆಳಕು! ಜೇಡರ ಬಲೆಗಳೆಲ್ಲ ಬೆಳ್ಳಿ ಜರಿಯಾದವು. ನಾನೇ ನಾಚಿದೆ.

ಮುತ್ತಿಗೆ ಇದು ಹಿಡಿಸಲಿಲ್ಲ. ಬೆಳಕನ್ನು ನೋಡಿತು, ಬುಡದಲ್ಲಿ ಕೂತ ಹೊಸಬಳನ್ನು ನೋಡಿತು, ಹಾಲನ್ನು ಮೇಲಕ್ಕೆ ಏರಿಸಿಕೊಂಡುಬಿಟ್ಟಿತು. ಚರಗಿಯ ತಳ ಮುಚ್ಚಲಿಲ್ಲ. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ.

“ಅವ್ವ ಹೇಳಿದ್ಲೋ ಇಲ್ಲೋ?” ಎಂದ ಬಸವಣ್ಣೆಪ್ಪ. “ಎಲ್ಲಾ ಆ ದೀಪದ್ದs ಕಿತಾಪತಿ. ಮೊದ್ಲಿನಂಗ ತಿರುವು, ಇಲ್ಲಾಂದ್ರ ಬಿಚ್ಚಿ ಒಗದಬಿಡ್ತೀನಿ.”

ಬರೆ ಎಂದೆನಲ್ಲ, ಅದು ಇದೇ.

ಕಸ್ತೂರಿ ನನ್ನ ಕಣ್ಣಿಗೆ ಹಳೆ ಬಟ್ಟೆ ಕಟ್ಟಿ ನೋಡಿದಳು. ಮುತ್ತಿ ಕರಗಲಿಲ್ಲ. ಅಂದರೆ ತಪ್ಪು ನನ್ನದಲ್ಲ ಎಂದಾಯಿತು, ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಿಂಡುವವರ ಸೀರೆಯ ವಾಸನೆಗೆ ಎಮ್ಮೆ ಒಲಿಯುತ್ತದೆ ಎಂದು ಓಣಿಯ ಹೆಂಗಸರು ಹೇಳಿದರೆಂದು ಅತ್ತೆಯ ಹಳೆಯ ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು ಬಂದಳು. ಮುತ್ತಿ ಮೂಸಿತು, ಸೀರೆಯನ್ನು ಒಪ್ಪಿತು, ಒಳಗಿದ್ದವಳನ್ನು ಒಪ್ಪಲಿಲ್ಲ. “ನನ್ನ ಬಂಗಾರಾ, ನನ್ನ ಚಿನ್ನಾ” ಎಂದು ಮುದ್ದಿಸಿದಳು. ಎಮ್ಮೆ ಬಾಲದಿಂದ ಕಪಾಳಕ್ಕೆ ಒಂದು ಕೊಟ್ಟಿತು.

“ನಾಳೆ ಫೋನ್ ಹಚ್ಚಿ ಅವ್ವನ್ನ ಕರಸ್ತೀನಿ,” ಎಂದ ಗಂಡ.

“ಹಸಿ ಬಾಣಂತಿ ಬಿಟ್ಟು ಬರಬೇಕಾ ಅವರು? ಇನ್ನೊಂದು ದಿನ ತಡೀರಿ.”

ಮರುದಿನ ಸಂಜೆ ಅದೇ ಸೀರೆ, ಅದೇ ಖಾಲಿ ಚರಗಿ. ಕಸ್ತೂರಿ ಮುತ್ತಿಯ ಪಕ್ಕೆಗೆ ಹಣೆ ಒತ್ತಿ ಕೂತಳು. ನನ್ನ ಸುತ್ತ ಹುಳಗಳು ಸುತ್ತುತ್ತಿದ್ದವು, ಅವಳ ಕಣ್ಣಲ್ಲಿ ನೀರು ಸುತ್ತುತ್ತಿತ್ತು. ಒಮ್ಮೆಲೆ ಸಿಟ್ಟು ನೆತ್ತಿಗೇರಿತು. ಟ್ರಂಕಿನಲ್ಲಿದ್ದ ವಿದ್ಯೆ ತಾನೇ ಮುಚ್ಚಳ ತೆರೆದು ಹೊರಬಂತು. ಒಂದು ಕೆಮ್ಮು. ಆಮೇಲೆ ಮೂಗಿನಿಂದ, ಎಳೆದೆಳೆದು:

“ಕೇಳಿದೇನ ಮುತ್ತೀ? ನನ್ನ ಸೊಸಿ ಅನ್ನಾಕಿ ಅದಾಳಲ್ಲ, ಏನೂ ಬರಂಗಿಲ್ಲ ನೋಡ ಆಕಿಗೆ. ಒಂದು ಎಮ್ಮಿ ಹಿಂಡಾಕ ಬರಂಗಿಲ್ಲ. ಬಿ.ಎ. ಅಂತ ಬಿ.ಎ.!”

ಮುತ್ತಿಯ ಕಿವಿ ಅಲುಗಿತು.

“ಉಪ್ಪು ಹಾಕಂದ್ರ ಮಾರ್ಕು ಹಾಕ್ತಾಳ...”

ನಿಟ್ಟುಸಿರು. ಅರೆಮುಚ್ಚಿದ ಕಣ್ಣು. ಕೆಚ್ಚಲು ತುಂಬಿಬಂತು. ಸರ್ರ್ ಎಂದು ಮೊದಲ ಧಾರೆ ಚರಗಿಗೆ ಬಿದ್ದಾಗ ಕಸ್ತೂರಿ ಬೆಚ್ಚಿ ನಿಲ್ಲಿಸಿದಳು. ಧಾರೆಯೂ ನಿಂತಿತು. ಅವಳಿಗೆ ಅರ್ಥವಾಯಿತು. ತನ್ನನ್ನು ತಾನೇ ಬೈದುಕೊಳ್ಳುತ್ತ, ಅಳುತ್ತ, ನಗುತ್ತ ಚರಗಿ ತುಂಬಿಸಿದಳು. ಎಮ್ಮೆಗೆ ಬೇಕಾಗಿದ್ದದ್ದು ಸೀರೆಯೂ ಅಲ್ಲ, ಕತ್ತಲೂ ಅಲ್ಲ, ಸೊಸೆಯ ಮೇಲಿನ ಚಾಡಿ!

ಹೊಲದಿಂದ ಬಂದ ಬಸವಣ್ಣೆಪ್ಪ ಅವ್ವನ ದನಿ ಕೇಳಿ, ಹಚ್ಚಿದ ಬೀಡಿಯನ್ನು ಗಾಬರಿಯಲ್ಲಿ ಅಂಗಿಯ ಕಿಸೆಗೆ ಹಾಕಿಕೊಂಡ. ಅಂಗಿಗೆ ತೂತು ಬಿತ್ತು. ಗುಟ್ಟು ತಿಳಿದ ಮೇಲೂ ಶೆಡ್ಡಿನಿಂದ “ಬಸಣ್ಯಾ, ಬಾನಿಗೆ ನೀರ ಹಾಕು!” ಎಂದು ಕೂಗು ಬಂದರೆ ಅವನ ಕಾಲುಗಳು ತಾವಾಗಿಯೇ ಕೊಡದತ್ತ ಓಡುತ್ತಿದ್ದವು. ನನ್ನನ್ನು ಬಿಚ್ಚುವ ಮಾತು ಮತ್ತೆ ಬರಲಿಲ್ಲ.

ಈಗ ನಾನು ಮುದುಕ. ಹೊಟ್ಟೆ ಎಂದೋ ಸೋತಿತು, ಕಣ್ಣು ಹೋಯಿತು, ಶೆಡ್ಡಿಗೂ ಕರೆಂಟು ಬಂತು. ಗುಜರಿಯವನು ಬಂದಾಗ ಕಸ್ತೂರಿ ನನ್ನ ತಲೆಯನ್ನು ಕೊಡಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಅಂಗಾತ ಮಲಗಿದ್ದೇನೆ, ಮುಖದ ಮೇಲೆ ಸಂಡಿಗೆ ಒಣಗಿಸುತ್ತಾಳೆ. ಅದರ ಜೊತೆ ಬಿಸಿಲನ್ನು ಹಂಚಿ ಉಣ್ಣುತ್ತೇನೆ. ಉಂಡದ್ದನ್ನು ಈಗ ಯಾರಿಗೂ ಕೊಡಬೇಕಾಗಿಲ್ಲ, ಹಾಗಾಗಿ ಎಲ್ಲವೂ ಕನಸಿಗೇ ಹೋಗುತ್ತದೆ. ಕನಸುಗಳು ಎಲ್ಲೆಲ್ಲೋ ಅಲೆದು ಒಂದೇ ಸಂಜೆಗೆ ಬಂದು ನಿಲ್ಲುತ್ತವೆ. ನಾನೂ ಅಲ್ಲಿಯೇ ನಿಲ್ಲಿಸುತ್ತೇನೆ.

ಆ ಸಂಜೆ ಚನ್ನೀರವ್ವ ಮಗಳ ಊರಿನಿಂದ ಹೇಳದೆ ಕೇಳದೆ ಬಂದಳು. ಎಮ್ಮೆಯ ಚಿಂತೆ ಅವಳನ್ನು ಬಸ್ಸು ಹತ್ತಿಸಿತ್ತು. ಗಂಟು ಕಂಕುಳಲ್ಲೇ ಇಟ್ಟುಕೊಂಡು ನೆಟ್ಟಗೆ ಶೆಡ್ಡಿಗೆ ಬಂದವಳು ಬಾಗಿಲಲ್ಲೇ ಕಲ್ಲಾದಳು. ನಾನು ತುಂಬು ಹೊಟ್ಟೆಯಲ್ಲಿ ಉರಿಯುತ್ತಿದ್ದೆ. ಎದುರು ಗೋಡೆಯ ಮೇಲೆ ದೊಡ್ಡದೊಂದು ನೆರಳು: ಬಾಗಿದ ಬೆನ್ನು, ಹೊದ್ದ ಸೆರಗು, ಹಿಂಡುವ ಕೈ. ದನಿಯೂ ಅವಳದೇ.

“ಕಸಬರಗಿಗೆ ನೋವಾಗ್ತದೋ ಅನ್ನಂಗ ಕಸ ಹೊಡೀತಾಳ ಮುತ್ತೀ...”

“ಯಪ್ಪಾ ಶಿವನೇ,” ಚನ್ನೀರವ್ವ ಪಿಸುಗುಟ್ಟಿದಳು. “ನಾ ಅಲ್ಲೇ ಕುಂತೀನಿ. ಹಂಗಾರ ಇಲ್ಲಿ ನಿಂತಾಕಿ ಯಾರು?” ತನ್ನ ತೋಳನ್ನು ತಾನೇ ಚಿವುಟಿ ನೋಡಿಕೊಂಡಳು.

ಮುತ್ತಿ ಬಾಗಿಲತ್ತ ನೋಡಿತು, ಬುಡದತ್ತ ನೋಡಿತು, ಮೆಲುಕು ನಿಲ್ಲಿಸಿತು. ಕಸ್ತೂರಿ ತಿರುಗಿದಳು. ಮೈಮೇಲೆ ಅತ್ತೆಯ ಸೀರೆ, ಬಾಯಲ್ಲಿ ಅತ್ತೆಯ ಮಾತು, ಎದುರಿಗೆ ಅತ್ತೆ. ಇಷ್ಟು ದಿನದ ಹಾಲೆಲ್ಲ ಒಂದು ಮಾತಿನ ಹುಳಿಗೆ ಒಡೆಯಬಹುದಾಗಿತ್ತು. ನಾನು ಮಿನುಗುವುದನ್ನೂ ಮರೆತೆ.

“ಅತ್ತೀ... ತಪ್ಪಾತ್ರಿ. ಅದು ಬ್ಯಾರೆ ಯಾವದಕ್ಕೂ ಹಾಲ ಬಿಡವಲ್ದು, ಅದಕ್ಕ...”

ಚನ್ನೀರವ್ವ ತುಂಬಿದ ಚರಗಿ ನೋಡಿದಳು. ಗಂಟು ಕೆಳಗಿಟ್ಟು ಎದುರಿಗೇ ಕುಕ್ಕರಿಸಿದಳು.

“ನಡುವ ನಿಲ್ಲಸಬ್ಯಾಡ, ಏರಿಸಿಬಿಡ್ತದ. ಅನ್ನು.”

“ನಿಮ್ಮ ಮುಂದ ಹ್ಯಾಂಗ ಅನ್ನಲ್ರಿ?”

“ಅನ್ನಂದ್ರ ಅನ್ನು! ಕುಂಭಕರ್ಣಂದು ಇನ್ನೂ ಬಂದಿಲ್ಲ.”

ಕಸ್ತೂರಿ ಅದೇ ಮೂಗಿನ ದನಿಯಲ್ಲಿ ಕುಂಭಕರ್ಣನನ್ನು ಕರೆತಂದು ಕಾಲು ಮುಗಿಸಿದಳು. ಹಾಲು ಇಳಿಯಿತು.

“ನಾ ಏನು ಅಷ್ಟು ಮೂಗಿನ್ಯಾಗ ಮಾತಾಡ್ತೀನೇನ?”

“ಹ್ಞೂಂರೀ.”

“ಹೂಂ. ಎಲ್ಲಾ ಬರೊಬ್ಬರಿ ಅಂದಿ, ಕಡೀ ಮಾತೊಂದು ಬಿಟ್ಟಿ.” ಚನ್ನೀರವ್ವ ಮುತ್ತಿಯ ಕೊರಳು ಕೆರೆಯುತ್ತ, ಸೊಸೆಯ ಮುಖ ನೋಡದೆ ಹೇಳಿದಳು. “‘ಆದ್ರ ಮುತ್ತೀ, ಆಕಿ ಕೈಯಾಗಿನ ಚಹಾ ಕುಡೀದಿದ್ರ ನನಗ ಸಂಜೀನs ಆಗಂಗಿಲ್ಲ’ ಅಂತಿದ್ನಿ. ದಿನಾ ಅಂತಿದ್ನಿ.”

ಆಣೆಯಿಟ್ಟು ಹೇಳುತ್ತೇನೆ, ಅಷ್ಟು ದಿನ ಆಕೆಯ ನೆತ್ತಿಯ ಮೇಲೇ ತೂಗುತ್ತಿದ್ದವನು ನಾನು. ಆ ಮಾತನ್ನು ಒಂದೇ ಒಂದು ಸಲವೂ ಕೇಳಿಲ್ಲ.

ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಮ್ಮೆ ಕೆಮ್ಮಿದಳು. ಆಮೇಲೆ ಮೂಗಿನಿಂದ, ಎಳೆದೆಳೆದು:

“ಕೇಳಿದೇನ ಮುತ್ತೀ? ಈ ಮುದುಕಿ ಎಮ್ಮಿ ಮುಂದ ಕುಂತೂ ಸುಳ್ಳ ಹೇಳ್ತಾಳ ನೋಡ!”

ಮುತ್ತಿ ಬೆಚ್ಚಿತು. ಬಾಗಿಲಾಚೆ ಬಸವಣ್ಣೆಪ್ಪ ನಕ್ಕ, ಕಸ್ತೂರಿ ನಕ್ಕಳು. ಎಲ್ಲರಿಗಿಂತ ಜೋರಾಗಿ, ಹಿಂದಕ್ಕೆ ವಾಲಿ ಸಗಣಿಯಲ್ಲಿ ಕೈಯೂರಿ, ತಗಡೆಲ್ಲ ಝಣಗುಟ್ಟುವ ಹಾಗೆ ನಕ್ಕವಳು ಚನ್ನೀರವ್ವ.