ಬೀಗದವನ ಮನೆಯ ತೆರೆದ ಕಣ್ಣು

ಬೇಲಿಯೇ ಎದ್ದು ಕಳ್ಳನಿಗೆ ಟಾರ್ಚ್ ಹಿಡಿಯಿತಂತೆ. ಗಾದೆ ಹೀಗಿಲ್ಲ ಅಂತ ಜಗಳಕ್ಕೆ ಬರಬೇಡಿ. ನಮ್ಮ ಬೀದಿಯಲ್ಲಿ ನಡೆದದ್ದು ಹೀಗೇ. ನಿಜ ಕಥೆ, ಕೇಳಿ.

ನಮ್ಮ ಬೀದಿಯ ಬೀಗ ರಿಪೇರಿಯವರನ್ನು ಎಲ್ಲರೂ ಕರೆಯುವುದು ಬೀಗದ ಮಾವ ಎಂದೇ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಗೋಡೆಯಲ್ಲೊಂದು ಹಲಗೆ, ಹಲಗೆಯ ತುಂಬ ಮೊಳೆ, ಮೊಳೆಗೊಂದು ಕೀ. ಎಲ್ಲವೂ ನಕಲು ಮಾಡಲು ಜನ ಕೊಟ್ಟು ಹೋದವು. ಮರೆಯಬಾರದೆಂದು ಪ್ರತಿ ಕೀಗೂ ಮನೆಯ ಗುರುತು ಬರೆದ ರಟ್ಟಿನ ತುಂಡು.

"ಕೀ ನನ್ನ ಕೈಗೆ ಬರೋದೂ ಬೇಡ. ಫೋಟೋದಲ್ಲಿ ಹಲ್ಲು ಕಂಡ್ರೆ ಸಾಕು, ಇನ್ನೊಂದು ಕಡೆದು ಕೊಡ್ತೀನಿ." ಇದು ಮಾವ ದಿನವೂ ಕೊಚ್ಚಿಕೊಳ್ಳುವ ಮಾತು.

ಪಕ್ಕದ ಮನೆಗೆ ಕಳ್ಳ ನುಗ್ಗಿದ ಮೇಲೆ ಮಾವನ ಹೆಂಡತಿಗೆ ನೆಮ್ಮದಿ ಹೋಯಿತು. "ರೀ, ಬೀದಿಯವರ ಕೀ ಎಲ್ಲಾ ನಮ್ಮ ಹತ್ರ ಇದೆ. ಇಲ್ಲಿಗೆ ಕಳ್ಳ ಬಂದ್ರೆ ಇಡೀ ಬೀದಿಗೇ ಬಂದ ಹಾಗೆ."

ಮಾವ ಕ್ಯಾಮೆರಾ ಸೆಟ್ ತಂದರು. ತಾವೇ ಡ್ರಿಲ್ ಹಿಡಿದು ಒಂದನ್ನು ಗೇಟಿನ ಕಡೆಗೆ, ಕತ್ತು ತಿರುಗಿಸುವ ಇನ್ನೊಂದನ್ನು ಕೀ ಹಲಗೆಯ ಎದುರಿಗೇ ಬಿಗಿದರು. ಮೊಬೈಲಿನಲ್ಲಿ ಚಿತ್ರ ಬಂತು. ಕೆಲಸ ಮುಗಿಯಿತೆಂದು ಖಾಲಿ ಡಬ್ಬವನ್ನು ಗೇಟಿನಾಚೆ ಕಸದ ಪಕ್ಕ ಇಟ್ಟರು.

ಸಂಜೆ ಮಾವನ ಅಕ್ಕನ ಮಗಳು ಬಂದಳು. ಇಂಟರ್ನೆಟ್ ಕನೆಕ್ಷನ್ ಕೊಡುವ ಕಂಪನಿಯಲ್ಲಿ ಕೆಲಸ. ಯಾರ ದನಿಯನ್ನಾದರೂ ಅನುಕರಿಸುತ್ತಾಳೆಂದು ಮನೆಯವರಿಗೆಲ್ಲ ಅವಳು ಗಿಣಿ.

"ಮಾವ, ಪಾಸ್‌ವರ್ಡ್ ಬದಲಾಯಿಸಿದ್ರಾ?"

"ಡಬ್ಬದ ಮೇಲೇ ಒಂದು ಕೊಟ್ಟಿದ್ದಾರಲ್ಲ, ಗಟ್ಟಿಮುಟ್ಟಾಗಿದೆ."

"ಡಬ್ಬ ನೋಡಿದವರಿಗೆಲ್ಲ ಅದು ಗೊತ್ತಾಗುತ್ತೆ."

"ಬೀಗದವನಿಗೇ ಬೀಗ ಹಾಕೋದು ಕಲಿಸ್ತೀಯೇನೇ? ಹೋಗೇ, ಹಣ್ಣು ತಿನ್ನು ಹೋಗು."

ಗಿಣಿ ಅತ್ತೆಯ ಮುಖ ನೋಡಿದಳು. "ಹೇಳೀ ಹೇಳೀ ನನ್ನ ನಾಲಿಗೆ ಸವೆದಿದೆ. ನೀನೇ ಏನಾದ್ರೂ ಮಾಡು," ಎಂದರು ಅತ್ತೆ, ಮೆಲ್ಲಗೆ.

ಮರುದಿನ ಮಧ್ಯಾಹ್ನ ಹೆಂಡತಿ ಹೊರಗೆ ಹೋಗಿದ್ದರು. ಮಾವ ಒಬ್ಬರೇ ಕೂತು ಅರದಿಂದ ಕೀ ಉಜ್ಜುತ್ತಿದ್ದರು.

ಕಿರ್ರ್.

ತಲೆ ಎತ್ತಿದರು. ಕ್ಯಾಮೆರಾ ಅವರ ಕಡೆ ತಿರುಗಿತ್ತು. ಎದ್ದು ಎಡಕ್ಕೆ ಹೋದರು, ಅದೂ ಎಡಕ್ಕೆ. ಹೆಂಡತಿ ನೋಡುತ್ತಿರಬೇಕು ಅಂದುಕೊಂಡರು. ಅವಳ ಮೊಬೈಲ್ ಮೇಜಿನ ಮೇಲೇ ಇತ್ತು. ತಮ್ಮದು ಜೇಬಿನಲ್ಲಿ.

ಕ್ಯಾಮೆರಾ ನಿಧಾನಕ್ಕೆ ಹಲಗೆಯತ್ತ ತಿರುಗಿ ನಿಂತಿತು. ಅದರ ಸ್ಪೀಕರಿನಿಂದ ಗಡಸು ದನಿ: "ಎರಡನೇ ಸಾಲು, ಕೊನೇ ಮೊಳೆ. ಡಾಕ್ಟರಮ್ಮನ ಮನೆ ಹಿಂಬಾಗಿಲು."

ಆ ಹೊತ್ತಿಗೆ ಆ ಮನೆಯಲ್ಲಿರುವುದು ಕಿವಿ ಕೇಳದ ಅಜ್ಜಿ ಒಬ್ಬರೇ. ಓಡಿ ಹೋಗಿ ಹಲಗೆಗೆ ಬೆನ್ನು ಕೊಟ್ಟು ನಿಂತರು.

"ಪಕ್ಕಕ್ಕೆ ಸರಿಯಯ್ಯಾ. ಹಲ್ಲು ಕಾಣ್ತಿಲ್ಲ."

"ಯಾರೋ ನೀನು?"

"ಬಾಗಿಲು ತೆಗೆದಿಟ್ಟವನು ನೀನು. ನನ್ನ ಕೇಳ್ತೀಯಾ?"

ಮಾವ ಬಕೆಟ್ ಎತ್ತಿಕೊಂಡು ಸ್ಟೂಲ್ ಹತ್ತಿ ಕ್ಯಾಮೆರಾಕ್ಕೆ ಕವುಚಿ ಹಿಡಿದರು. ಬಿಟ್ಟರೆ ಅದು ನೋಡುತ್ತದೆ. ಹಿಡಿದೇ ಇದ್ದರೆ ಡಾಕ್ಟರಮ್ಮನ ಮನೆಗೆ ಓಡುವುದು ಹೇಗೆ? ಬಕೆಟ್ಟನ್ನು ಒಂದಿಷ್ಟು ಸರಿಸಿ ಒಳಗೆ ಇಣುಕಿದರು: "ಇನ್ನೂ ಇದ್ದೀಯೇನೋ?"

ಬಾಗಿಲು ತೆರೆಯಿತು. ಮೊಬೈಲ್ ಹಿಡಿದ ಗಿಣಿ, ಹಿಂದೆ ಹೆಂಡತಿ. "ಇಳೀರಿ ಮಾವ, ನಾನೇ," ಎಂದಳು ಗಿಣಿ, ಅದೇ ಗಡಸು ದನಿಯಲ್ಲಿ.

ಮಾವ ಬೈಯಲಿಲ್ಲ. ಇಳಿದು ಕೇಳಿದ್ದು ಒಂದೇ: "ನೀನು ನೋಡಿದ್ದು ಸರಿ. ಬೇರೆ ಯಾರಾದ್ರೂ ನೋಡಿರ್ಬಹುದಾ?"

ಆಗ ಯಾರೂ ನಗಲಿಲ್ಲ. ಯಾವ ಯಾವ ಫೋನಿನಿಂದ ಕ್ಯಾಮೆರಾ ತೆರೆದಿದ್ದಾರೆ ಅನ್ನುವುದನ್ನು ಆ್ಯಪ್ ತೋರಿಸುತ್ತದೆ. ಗಿಣಿ ಬೆರಳಾಡಿಸಿದಳು. ಮಾವ ಅವಳ ಭುಜದ ಮೇಲಿಂದ ಬಗ್ಗಿ ನೋಡಿದರು.

"ನಿಮ್ಮದು, ನನ್ನದು. ಅಷ್ಟೇ. ಡಬ್ಬ ಗೇಟಿನಾಚೆ ಸಿಕ್ತು ಮಾವ, ಪಾಸ್‌ವರ್ಡ್ ಚೀಟಿ ಸಮೇತ. ನನಗಿಂತ ಮೊದಲು ಇನ್ಯಾರಾದ್ರೂ ಎತ್ತಿಕೊಂಡಿದ್ರೆ?"

ಮಾವ ಸ್ಟೂಲಿನ ಮೇಲೆ ಕೂತರು. "ಕಾಲೊರೆಸೋ ಮ್ಯಾಟ್ ಕೆಳಗೆ ಕೀ ಇಡಬೇಡಿ ಅಂತ ಊರಿಗೆಲ್ಲ ಬುದ್ಧಿ ಹೇಳೋನು ನಾನು."

"ನೀವು ಮ್ಯಾಟ್ ಮೇಲೇ ಇಟ್ಟಿದ್ರಿ," ಎಂದರು ಹೆಂಡತಿ.

ಮಾವ ಅಲ್ಲೇ ಕೂತು ಉದ್ದನೆಯ ಹೊಸ ಪಾಸ್‌ವರ್ಡ್ ಹಾಕಿದರು. ಗಿಣಿ ಮುಖ ತಿರುಗಿಸಿ, "ನನಗೂ ಹೇಳ್ಬೇಡಿ," ಎಂದಳು. ಹೊಸ ಫೋನಿನಿಂದ ಯಾರು ತೆರೆಯಹೋದರೂ ಮಾವನ ಮೊಬೈಲಿಗೆ ಕೋಡ್ ಬರುವಂತೆ ಮಾಡಿಸಿದಳು, ಬಾಕಿ ಇದ್ದ ಅಪ್‌ಡೇಟನ್ನೂ ಹಾಕಿಸಿದಳು. ಒಳಗಿನ ಕ್ಯಾಮೆರಾ ಬಾಗಿಲಿನತ್ತ ತಿರುಗಿತು, ಗೇಟಿನದು ಎದುರುಮನೆ ಕಿಟಕಿ ಕಾಣದಷ್ಟು ಬಾಗಿತು. ಕೀಗಳು ಬೀರು ಸೇರಿದವು.

ಸಂಜೆ ಎಲ್ಲರೂ ಕೂತು ರೆಕಾರ್ಡಿಂಗ್ ನೋಡಿದರು. ಬಕೆಟ್ ಬಂತು, ಕತ್ತಲಾಯಿತು, ಅಂಚಿನಲ್ಲಿ ಮಾವನದೊಂದು ದೊಡ್ಡ ಕಣ್ಣು: "ಇನ್ನೂ ಇದ್ದೀಯೇನೋ?" ಹೆಂಡತಿ ಸೆರಗು ಬಾಯಿಗೊತ್ತಿಕೊಂಡರು. ಮಾವ ಗಂಭೀರವಾಗಿ, "ಇನ್ನೊಂದ್ಸಲ ಹಾಕು," ಎಂದರು.

ಓದುಗರೇ, ಮನೆಗೆ ನೀವೇ ಕ್ಯಾಮೆರಾ ಹಾಕಿಕೊಳ್ಳಿ, ಒಳ್ಳೆಯದೇ. ಆದರೆ ಮೊಳೆ ಹೊಡೆದ ದಿನವೇ ಪಾಸ್‌ವರ್ಡ್ ಬದಲಿಸಿ. ಡಬ್ಬದ ಚೀಟಿ ಕಿತ್ತು ಒಳಗಿಡಿ. ಕ್ಯಾಮೆರಾ ಏನನ್ನು ತೋರಿಸುತ್ತಿದೆ ಎಂದು ಕಳ್ಳನ ಕಣ್ಣಿನಿಂದ ಒಮ್ಮೆ ನೋಡಿ. ಇದನ್ನೆಲ್ಲ ಮಾಡಲಾಗದಿದ್ದರೆ ಒಂದು ಬಕೆಟ್ಟಾದರೂ ಸಿದ್ಧವಾಗಿಟ್ಟುಕೊಳ್ಳಿ. ಈ ಕೊನೆಯ ಮಾತು ನನ್ನದಲ್ಲ. ಕಥೆ ಓದಿ, ಬೀದಿಗೆಲ್ಲ ಕೇಳುವಂತೆ ಹೊಟ್ಟೆ ಹಿಡಿದುಕೊಂಡು ನಗುತ್ತ ಬೀಗದ ಮಾವನೇ ಬರೆಸಿದ್ದು.